ಮುನ್ನೂರೊಂದರ ಬಕೆಟ್ಟು

"ಏ ರುದ್ರೀ, ಹಸಿ ಯಾವ್ದು, ಒಣಾ ಯಾವ್ದು ತಿಳಿಯೂದಿಲ್ಲೇನ ನಿನಗ? ಕಣ್ಣಾಗ ಸಗಣಿ ತುಂಬ್ಯದೇನ?"

ಬಿಂದುಮಾಧವರಾಯರು ಗೇಟಿನ ಬಳಿ ನಿಂತು ಬೈಯುತ್ತಿದ್ದರು. ಆಫೀಸಿಗೆ ಹೊರಟವರು ಸ್ಕೂಟರಿನ ವೇಗ ತಗ್ಗಿಸಿ ನೋಡಿ ಹೋಗುತ್ತಿದ್ದರು. ಕಸದ ಗಾಡಿಯವನು ಅಂದು ಬೆಳಿಗ್ಗೆ ಶ್ರೀನಿಧಿ ಸೊಸೈಟಿಯ ಡ್ರಮ್ಮನ್ನು ಮುಟ್ಟದೆ ಹೋಗಿದ್ದ. ಬೆರೆತ ಕಸ ಒಯ್ಯುವುದಿಲ್ಲ, ಹೊಸ ನಿಯಮ, ಎಂದಿದ್ದ. ರುದ್ರವ್ವ ತಲೆ ತಗ್ಗಿಸಿ ಡ್ರಮ್ಮಿನ ಪಕ್ಕದಲ್ಲಿ ನಿಂತಿದ್ದಳು. ಅದರೊಳಗೆ ಮಗುವಿನ ಡೈಪರು, ಹಳಸಿದ ಸಾರು, ಒಡೆದ ಬಲ್ಬು, ಯಾರದೋ ಮನೆಯ ಹುಟ್ಟುಹಬ್ಬದ ಕೇಕು ಎಲ್ಲ ಒಂದಾಗಿ ನಾರುತ್ತಿತ್ತು.

"ಮಂದೀನ ಕೂಡಿಸಿ ಹಾಕ್ತಾರ್ರೀ ಸಾಹೇಬ್ರ. ನಾವೇನ ಮಾಡೂದ್ರಿ?"

"ಮಂದಿ ರೊಕ್ಕಾ ಕೊಡ್ತಾರ. ನಿನಗ್ಯಾಕ ಕೊಡ್ತಾರ ಮತ್ತ, ಮುಖಾ ನೋಡಾಕೇನ? ಶುಕ್ರವಾರ ಕಾರ್ಪೋರೇಶನ್ನವರು ನೋಡಾಕ ಬರ್ತಾರ. ವಾರ್ಡಿಗೆ ಮೊದಲನೇ ನಂಬರು ನಮಗ ಬರಬೇಕು. ನಾಳಿಂದ ಒಂದೊಂದ ಮನಿ ಬಕೀಟು ಬಿಚ್ಚಿ, ಕೈಲೆ ಆರಿಸಿ ಹಾಕು. ನಿನ್ನ ಸೊಸೀಗೂ ಹೇಳು. ಬರೇ ಕೂಸಿಗೆ ಮೊಲಿ ಕೊಡಾಕ ಬರ್ತಾಳೇನ ಇಲ್ಲಿ?"

ಕೂಸಿನ ಜೋಲಿಯ ಬಳಿ ನಿಂತಿದ್ದ ಸೊಸೆ ನೀತಾ ಸೆರಗನ್ನು ಎದೆಯ ಮೇಲೆ ಎಳೆದುಕೊಂಡಳು.

ಮರಾಠಿ ಶಹರದ ಬಿಬವೇವಾಡಿ ಬಡಾವಣೆಯ ಆ ವಸತಿ ಸೊಸೈಟಿಯಲ್ಲಿ ಅರವತ್ತನಾಲ್ಕು ಮನೆ. ರುದ್ರವ್ವ ಹನ್ನೊಂದು ವರ್ಷದಿಂದ ಅಲ್ಲಿ ಕಸ ಎತ್ತುತ್ತಿದ್ದಳು. ಅಫಜಲಪುರದ ಕಡೆಯ ಹೊಲಗೇರಿಯಿಂದ ಬಂದವಳು. ಸೊಸೈಟಿಯ ಚೇರಮನ್ ಬಿಂದುಮಾಧವರಾಯರು ಬಾಗಲಕೋಟೆಯವರು, ಖಡಕಿಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೊದಲ ಸಲ ಅವಳ ಬಾಯಲ್ಲಿ ಕನ್ನಡ ಕೇಳಿದಾಗ, "ಅರೆ, ನಮ್ಮ ಕಡೀಯಾಕಿ" ಎಂದು ಖುಷಿಪಟ್ಟಿದ್ದರು. ಅಂದಿನಿಂದ ಗಟಾರ ಕಟ್ಟಿದರೆ ಅವಳು, ಟೆರೇಸಿನ ಮೇಲೆ ಪಾರಿವಾಳ ಸತ್ತು ಬಿದ್ದರೆ ಅವಳು. ವಾಚಮನ್ನನಿಗೆ ರಾಯರು ಮರಾಠಿಯಲ್ಲಿ ಗೌರವದಿಂದ 'ತುಮ್ಹೀ' ಅನ್ನುತ್ತಿದ್ದರು. ರುದ್ರವ್ವನಿಗೆ ಮಾತ್ರ ಕನ್ನಡದಲ್ಲಿ 'ಏ ರುದ್ರೀ'.

ಕಸ ಬೇರ್ಪಡಿಸುವ ನಿಯಮ ಹಳೆಯದೇ, ಅದರ ಹಾಳೆ ವರ್ಷಗಳಿಂದ ಲಿಫ್ಟಿನ ಬಾಗಿಲಿಗೇ ಅಂಟಿಸಿತ್ತು. ಹಸಿರು ಬಕೆಟ್ಟಿಗೆ ಹಸಿ ಕಸ, ನೀಲಿ ಬಕೆಟ್ಟಿಗೆ ಒಣ ಕಸ. ಹೆಂಗಸರ ಪ್ಯಾಡು, ಮಕ್ಕಳ ಡೈಪರು, ಬ್ಲೇಡು, ಸೂಜಿ ಇದ್ದರೆ ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆ ಕೊಡಬೇಕು. ರುದ್ರವ್ವನಿಗೆ ಓದು ಬರದಿದ್ದರೂ ಚಿತ್ರ ನೋಡಿ ಎಲ್ಲ ತಿಳಿದಿತ್ತು. ಲಿಫ್ಟಿನಲ್ಲಿ ಕಸದವರು ಹತ್ತಬಾರದು ಎಂಬುದಕ್ಕೆ ಚಿತ್ರ ಇರಲಿಲ್ಲ. ಅದನ್ನು ಬಾಯಿಂದಲೇ ಹೇಳಿದ್ದರು.

ಮರುದಿನ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಪಾರ್ಕಿಂಗಿನ ಮೂಲೆಯಲ್ಲಿ ಕುಳಿತು ಒಂದೊಂದೇ ಬಕೆಟ್ಟು ಬಿಚ್ಚತೊಡಗಿದರು. ಏಳು ತಿಂಗಳ ಪುಟ್ಟಿ ಎರಡು ಕಂಬದ ನಡುವೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿತ್ತು. ಸೊಸೈಟಿ ಕೊಟ್ಟಿದ್ದ ಕೈಗವಸು ಹರಿದು ಎರಡು ವರ್ಷವಾಗಿತ್ತು. ನೀತಾ ಮುನ್ನೂರೊಂದರ ಹಸಿರು ಬಕೆಟ್ಟಿಗೆ ಕೈ ಇಳಿಸಿದಳು. ಬಾಡಿದ ತುಳಸಿ, ಚಹಾದ ಚರಟ, ಬಾಳೆಹಣ್ಣಿನ ಸಿಪ್ಪೆ. ಸಿಪ್ಪೆಯಲ್ಲಿ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ಕನ್ನು ಹಿಡಿದೆಳೆದಳು.

"ಅತ್ತೀ," ಎಂದಳು ಮೆಲ್ಲಗೆ.

ಹೆಬ್ಬೆರಳಿನ ಬುಡದಲ್ಲಿ ಸೂಜಿ ನೆಟ್ಟಿತ್ತು. ಸಣ್ಣ ಸಿರಿಂಜೊಂದು ಅದರ ಹಿಂದೆ ನೇತಾಡುತ್ತಿತ್ತು, ಒಳಗೆ ಕೆಂಪು ಬಣ್ಣದ ಒಂದು ಗೆರೆ. ರುದ್ರವ್ವ ಅದನ್ನು ಕಿತ್ತೆಸೆದು ಸೊಸೆಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು.

ಮುನ್ನೂರೊಂದು ಬಿಂದುಮಾಧವರಾಯರ ಮನೆ. ರಾಯರಿಗೆ ಸಕ್ಕರೆ ಕಾಯಿಲೆ, ದಿನಾ ಸೂಜಿ ಚುಚ್ಚಿಕೊಳ್ಳುತ್ತಾರೆಂಬುದು ರುದ್ರವ್ವನಿಗೆ ಗೊತ್ತಿತ್ತು. ಇಷ್ಟು ವರ್ಷ ಅವರ ಮನೆಯ ಸೂಜಿಗಳನ್ನು ಹೆಕ್ಕಿ, ಕಾಗದದಲ್ಲಿ ಸುತ್ತಿ, ಇಟ್ಟಂಗಿ ಚೂರಿನಿಂದ ಕೆಂಪು ಗುರುತು ಎಳೆಯುತ್ತಿದ್ದವಳು ಅವಳೇ. ಸೊಸೆಗೆ ಹೇಳಲು ಮರೆತಿದ್ದಳು. ಆಸ್ಪತ್ರೆಯವರೆಗೆ ರಿಕ್ಷಾದಲ್ಲಿ ಅದೊಂದೇ ಅವಳನ್ನು ಕೊರೆಯುತ್ತಿತ್ತು.

ಸರಕಾರಿ ಆಸ್ಪತ್ರೆಯ ಡಾಕ್ಟರು ಹುಡುಗಿಯಂತಿದ್ದಳು. ಕಣ್ಣಿನ ಕೆಳಗೆ ಕಪ್ಪು. ಸಿಟ್ಟಾಗದೆ, ನಿಧಾನವಾಗಿ ಮರಾಠಿಯಲ್ಲಿ ಬಿಡಿಸಿ ಹೇಳಿದಳು. ರಕ್ತದಿಂದ ಹರಡುವ ರೋಗಗಳಿವೆ. ಸೂಜಿ ಬಳಸಿದವರಿಗೆ ಅಂಥದ್ದೇನಾದರೂ ಇದ್ದರೆ ಇವಳಿಗೂ ಬರಬಹುದು, ಬರದೆಯೂ ಇರಬಹುದು. ಇವತ್ತಿನಿಂದಲೇ ಗುಳಿಗೆ ಶುರು ಮಾಡಬೇಕು, ಇಪ್ಪತ್ತೆಂಟು ದಿನ ಬಿಡದೆ. ಆಮೇಲೆ ಮತ್ತೆ ತಪಾಸಣೆ. ಅಲ್ಲಿಯವರೆಗೆ ಮಗುವಿಗೆ ಹಾಲು ಕುಡಿಸದಿರುವುದೇ ಒಳ್ಳೆಯದು.

ರುದ್ರವ್ವ ಕೇಳಿದಳು. ಬೇರೆ ದಾರಿ ಇಲ್ಲವೇ?

"ಸೂಜಿ ಯಾರದು ಅಂತ ಗೊತ್ತಿದ್ದರೆ ಅವರನ್ನು ಕರೆದುಕೊಂಡು ಬನ್ನಿ," ಎಂದಳು ಡಾಕ್ಟರು. "ಒಂದು ಸಣ್ಣ ರಕ್ತಪರೀಕ್ಷೆ. ಒಂದೇ ದಿನದಲ್ಲಿ ತಿಳಿಯುತ್ತದೆ. ಅವರದು ಚೊಕ್ಕ ಇದ್ದರೆ ಗುಳಿಗೆಯೂ ಬೇಡ, ಮರುದಿನದಿಂದಲೇ ಹಾಲು ಕುಡಿಸಬಹುದು."

ರುದ್ರವ್ವನಿಗೆ ಎದೆ ಹಗುರಾಯಿತು. ಇಷ್ಟೇ ತಾನೆ, ಅಂದುಕೊಂಡಳು.

ಅವರದು ಗುಡ್ಡದ ಮಗ್ಗುಲಿನ ತಗಡಿನ ಮನೆ. ಸಂಜೆ ಪುಟ್ಟಿ ಬಾಟಲಿಯ ನಿಪ್ಪಲ್ಲನ್ನು ನಾಲಗೆಯಿಂದ ನೂಕಿ ನೂಕಿ ಅತ್ತಿತು. ತಾಯಿಯ ವಾಸನೆ ಹಿಡಿದು ಅತ್ತ ಹೊರಳುತ್ತಿತ್ತು. ನೀತಾ ಬಚ್ಚಲ ಮೋರಿಯ ಬಳಿ ಗೋಡೆಗೆ ಮುಖ ಮಾಡಿ ಕುಳಿತು ಹಾಲು ಹಿಂಡಿ ಚೆಲ್ಲುತ್ತಿದ್ದಳು. ಮಾರ್ಕೆಟ್ ಯಾರ್ಡಿನ ಹಮಾಲಿ ಮುಗಿಸಿ ಬಂದ ಮಗ ಮಾಂತು ಹೊಸ್ತಿಲಲ್ಲೇ ನಿಂತ.

"ಯವ್ವಾ, ಆ ಬಾಮಣನ ಕಾಲ್ ಮುರೀತೀನಿ ನಾ."

"ಕಾಲ ಮುರದ್ರ ಕೂಸಿಗೆ ಹಾಲ ಬರ್ತದೇನೋ? ಸುಮ್ಮ ಕೂಡ. ನಾ ಕೇಳಿ ಬರ್ತೀನಿ. ಮನಷ್ಯಾ ಅದಾನ, ಇಷ್ಟ ಮಾಡಂಗಿಲ್ಲೇನು?"

ಬುಧವಾರ ಬೆಳಿಗ್ಗೆ ಅವಳು ಮೂರು ಮಹಡಿ ಹತ್ತಿ ಹೋದಳು. ರಾಯರ ಹೆಂಡತಿ ಶೈಲಾಬಾಯಿ ಬಾಗಿಲು ತೆರೆದು, ಗಂಡನನ್ನು ಕರೆದು, ಹಿಂದೆ ಸರಿದು ನಿಂತರು. ರುದ್ರವ್ವ ಹೊಸ್ತಿಲಿನಿಂದ ಎರಡು ಮೆಟ್ಟಿಲು ಕೆಳಗೆ ನಿಂತು ಎಲ್ಲ ಹೇಳಿದಳು. ಹೇಳಿ ಕೈ ಮುಗಿದಳು.

ರಾಯರು ಕೇಳುತ್ತ ಕೇಳುತ್ತ ಕೆಂಪಾದರು.

"ನನ್ನ ರಕ್ತಾ ತಪಾಸ ಮಾಡಸ್ಬೇಕ? ನನಗ ಅಂಥಾ ರೋಗ ಅದ ಅಂತೀಯೇನ? ಮೂರ ಹೊತ್ತು ಸಂಧ್ಯಾವಂದನಿ ಮಾಡೂ ಮನಿ ಇದು."

"ಅದ ಅಂತ ಅನ್ನೂದಿಲ್ರಿ ನಾ. ಇಲ್ಲ ಅಂತ ಗೊತ್ತಾದ್ರ ಸಾಕ್ರಿ. ಕೂಸು ನಿನ್ನಿ ಮುಂಜಾನಿಂದ ಏನೂ ತಿಂದಿಲ್ರಿ."

"ಸೂಜಿ ನಮ್ಮದಲ್ಲ. ನಾವು ಸುತ್ತಿ, ಗುರುತು ಹಾಕೇ ಕೊಡ್ತೀವಿ. ನಿಯಮಾ ಬರದು ಹಚ್ಚಿದಾಂವ ನಾ."

"ಗುರುತು ನಾನ ಹಾಕ್ತಿದ್ನೆಲ್ರೀ ಸಾಹೇಬ್ರ."

"ಬಾಯ್ಮುಚ್ಚ ರಂಡೆ. ಎರಡ ದಿನದಾಗ ತಪಾಸಣಿ ಅದ ಅಂತ ಗೊತ್ತಾಗಿ ಹೆದರ್ಸಾಕ ಬಂದೀಯೇನ? ನಿಮ್ಮ ಕೇರಿ ಬುದ್ಧೀನ ಇಷ್ಟು. ಯಾರ್ಯಾರ ಕಡೆ ಹೋಗಿ ಏನೇನ ಹಚಗೊಂಡ ಬಂದಾಳೋ ನಿನ್ನ ಸೊಸಿ, ಅದನ್ನ ನನ್ನ ಸೂಜಿಗೆ ಕಟ್ಟಾಕ ಬರ್ತೀ."

ರುದ್ರವ್ವ ಅವರ ಭುಜದಾಚೆ ನೋಡಿದಳು. ಶೈಲಾಬಾಯಿ ಅಡುಗೆಮನೆಯ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದರು. ಇಬ್ಬರ ಕಣ್ಣೂ ಒಂದು ಕ್ಷಣ ಕೂಡಿದವು. ಶೈಲಾಬಾಯಿ ನೆಲ ನೋಡಿದರು. ಬಾಗಿಲು ಮುಚ್ಚಿತು.

ಎದುರಿನ ಮನೆಯ ತ್ರಿವೇಣಿ ಎಲ್ಲ ಕೇಳಿಸಿಕೊಂಡಿದ್ದಳು. ಮೈಸೂರಿನ ಕಡೆಯ ಹುಡುಗಿ, ಮಗರಪಟ್ಟಾದಲ್ಲಿ ಕಂಪ್ಯೂಟರ್ ಕೆಲಸ. ಲಿಫ್ಟಿನ ಹಾಳೆಯ ಚಿತ್ರಗಳನ್ನು ಬರೆದವಳೂ ಅವಳೇ. ಬ್ಯಾಗು ಹೆಗಲಿಗೇರಿಸಿ ಹೊರಗೆ ಬಂದು ದನಿ ತಗ್ಗಿಸಿದಳು.

"ಆಂಟಿ, ನಂಗೆ ತುಂಬಾ ಬೇಜಾರಾಯ್ತು. ರಿಯಲಿ. ಆದ್ರೆ ಈ ವೀಕ್ ಬೇಡ, ಪ್ಲೀಸ್. ಫ್ರೈಡೇ ಇನ್ಸ್‌ಪೆಕ್ಷನ್ ಒಂದು ಮುಗೀಲಿ, ಆಮೇಲೆ ಕಮಿಟಿ ಮೀಟಿಂಗಲ್ಲಿ ನಾನೇ ರೈಸ್ ಮಾಡ್ತೀನಿ. ಗ್ಲೌಸ್ ಹಾಕೊಂಡಿದ್ರೆ ಹೀಗಾಗ್ತಿರ್ಲಿಲ್ಲ ಅಲ್ವಾ? ನಾನು ಹೊಸದು ಆರ್ಡರ್ ಮಾಡ್ತೀನಿ."

"ಕೂಸಿಗೆ ಶುಕ್ರವಾರ ಅಂದ್ರ ತಿಳಿಯಂಗಿಲ್ರೀ ಬಾಯೇರ," ಎಂದಳು ರುದ್ರವ್ವ.

ತ್ರಿವೇಣಿಗೆ ಲಿಫ್ಟು ಬಂತು.

ಗುರುವಾರ ಬಾಟಲಿ ಹಾಲು ಒಗ್ಗದೆ ಪುಟ್ಟಿಗೆ ಭೇದಿ ಶುರುವಾಯಿತು. ಅಳುವುದಕ್ಕೂ ದನಿ ಉಳಿದಿರಲಿಲ್ಲ. ಗುಳಿಗೆ ನುಂಗಿದ ನೀತಾ ವಾಂತಿ ಮಾಡಿಕೊಂಡು ಚಾಪೆ ಹಿಡಿದಿದ್ದಳು. ಮಗುವನ್ನು ತನ್ನ ಹತ್ತಿರ ತರಬೇಡಿ ಎಂದು ಕೈಸನ್ನೆ ಮಾಡುತ್ತಿದ್ದಳು. ಹತ್ತಿರ ತಂದರೆ ಎದೆ ತಾನೇ ಒಸರುತ್ತಿತ್ತು.

"ಅತ್ತೀ, ಒಂದ ಸಲ ಕೊಟ್ಟ ಬಿಡ್ಲಿ? ಒಂದ ಸಲ. ಏನಾಗ್ತದ?"

ರುದ್ರವ್ವ ಮಗುವನ್ನೆತ್ತಿಕೊಂಡು ಹೊರಗೆ ಹೋದಳು. ಓಣಿಯ ಕೊನೆಯವರೆಗೆ ನಡೆದಳು. ಅವರ ಓಣಿಗೆ ಕಸದ ಗಾಡಿ ಬರುತ್ತಿರಲಿಲ್ಲ. ಕಸದ ಗುಡ್ಡೆಯ ಬಳಿ ನಿಂತು ತೂಗಿದಳು, ಮಗು ಸೋತು ನಿದ್ದೆ ಹೋಗುವ ತನಕ.

ಶುಕ್ರವಾರ ಹತ್ತು ಗಂಟೆಗೆ ಕಾರ್ಪೋರೇಶನ್ನಿನ ಅಧಿಕಾರಿ ಬಂದರು. ಮಧ್ಯವಯಸ್ಸಿನ ಹೆಂಗಸು, ಕೈಯಲ್ಲಿ ಫಾರಂ. ಪಾರ್ಕಿಂಗಿನಲ್ಲಿ ರಂಗೋಲಿ ಹಾಕಿತ್ತು. ಜೋಲಿ ಕಟ್ಟುತ್ತಿದ್ದ ಕಂಬಕ್ಕೆ ಚೆಂಡುಹೂವಿನ ಮಾಲೆ. ಹೊರಮೈ ತೊಳೆದು ಕಸ ತುಂಬಿಟ್ಟ ಬಕೆಟ್ಟುಗಳ ಸಾಲು, ಮೊದಲನೆಯದು ಚೇರಮನ್ನರ ಮನೆಯದೇ. ಶೈಲಾಬಾಯಿ ರೇಷ್ಮೆ ಸೀರೆಯುಟ್ಟು ತೆಂಗಿನಕಾಯಿಯ ತಟ್ಟೆ ಹಿಡಿದಿದ್ದರು. ತ್ರಿವೇಣಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದಳು. ರುದ್ರವ್ವನಿಗೆ ಹೊಸ ಕೈಗವಸು ತೊಡಿಸಿ ನಿಲ್ಲಿಸಿದ್ದರು. ಏನು ಕೇಳಿದರೂ ಮರಾಠಿಯಲ್ಲಿ 'ಹೋ ಮ್ಯಾಡಂ', ಹೌದು, ಅನ್ನಬೇಕು, ಹಸಿರು ಬಕೆಟ್ಟಿಗೆ ಕೈ ಹಾಕಿ ತಿರುವಿ ತೋರಿಸಬೇಕು ಎಂದು ರಾಯರು ಎರಡು ಸಲ ಹೇಳಿಕೊಟ್ಟಿದ್ದರು.

ಎಲ್ಲರೂ ಕಸ ಬೇರ್ಪಡಿಸಿ ಕೊಡುತ್ತಾರೆಯೇ, ಎಂದು ಅಧಿಕಾರಿ ಮರಾಠಿಯಲ್ಲಿ ಕೇಳಿದರು.

ರುದ್ರವ್ವ ಮೊದಲನೆಯ ಬಕೆಟ್ಟನ್ನೇ ನೋಡುತ್ತಿದ್ದಳು.

"ಮ್ಯಾಡಂ ಕೇಳಾಕತ್ತಾರ. ಬಕೀಟು ತೋರ್ಸು," ಎಂದರು ರಾಯರು, ಮುಖದಲ್ಲಿ ನಗು ಇಟ್ಟುಕೊಂಡೇ.

ಅವಳು ಒಂದೊಂದೇ ಬೆರಳು ಬಿಡಿಸಿ ಕೈಗವಸು ಕಳಚಿದಳು. ಮಡಚಿ ಅವರ ಕಡೆ ಚಾಚಿದಳು.

"ನೀವ ಹಾಕ್ರಿ ಸಾಹೇಬ್ರ, ಕೈ. ನಿಮ್ಮ ಮನೀದ ಅದ. ಎಲ್ಲಾ ಚೊಕ್ಕ ಅದ ಅಂತೀರಲ್ರಿ."

ಅದನ್ನೇ ಅಧಿಕಾರಿಯ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದಳು. ಅವರು ತಮಾಷೆಯೆಂದು ತಿಳಿದರು. ಹಾಕಿ ನೋಡೋಣ, ಚೇರಮನ್ನರೇ ತೋರಿಸಿದರೆ ಫೋಟೋ ಚೆನ್ನಾಗಿ ಬರುತ್ತದೆ, ಎಂದು ನಕ್ಕರು. ಸುತ್ತಲಿನವರೂ ನಕ್ಕರು. ರಾಯರು ಕೈಗವಸು ಮುಟ್ಟಲಿಲ್ಲ. ಅಂಗಿಯ ತೋಳು ಏರಿಸಿದರು. ಬಕೆಟ್ಟಿನ ಮೇಲೆ ಬಗ್ಗಿದರು. ಕೈ ಅದರ ಬಾಯಿಯ ಅಂಚಿನವರೆಗೆ ಹೋಯಿತು.

"ಹಾಕಬ್ಯಾಡ್ರೀ," ಎಂದರು ಶೈಲಾಬಾಯಿ. "ನಿನ್ನೀ ಸೂಜೀನೂ ಅದರಾಗ ಅದ."

ಹೇಳಿದ್ದು ಕನ್ನಡದಲ್ಲಿ. ಅಧಿಕಾರಿಗೆ ತಿಳಿಯಲಿಲ್ಲ. ಏನಂದರು, ಎಂದು ತ್ರಿವೇಣಿಯತ್ತ ನೋಡಿದರು. ತ್ರಿವೇಣಿ ಮೊಬೈಲು ಕೆಳಗಿಳಿಸಿದಳು. ಶೈಲಾಬಾಯಿಯ ತಟ್ಟೆಯಲ್ಲಿ ತೆಂಗಿನಕಾಯಿ ಉರುಳಾಡಿ ನಿಂತಿತು.

ಬಕೆಟ್ಟಿನ ಮೇಲೆ ತಡೆದು ನಿಂತಿದ್ದ ರಾಯರ ಕೈಯನ್ನು ರುದ್ರವ್ವ ಮಣಿಕಟ್ಟಿನಲ್ಲಿ ಹಿಡಿದಳು. ಹನ್ನೊಂದು ವರ್ಷದಲ್ಲಿ ಅವರ ನೆರಳಿಗೂ ಅವಳು ತಾಗಿರಲಿಲ್ಲ. ತೆಳ್ಳನೆಯ, ಬೆಚ್ಚಗಿನ ಕೈ. ಒಳಗೆ ನಾಡಿ ಬಡಿಯುತ್ತಿತ್ತು.

"ನಡ್ರಿ," ಎಂದಳು. "ದವಾಖಾನ್ಯಾಗ ಹನ್ನೆರಡರ ಮಟ ರಕ್ತಾ ತಗೋತಾರ."

"ಮುಟ್ಟಬ್ಯಾಡ ನನ್ನ. ಏ, ಕೈ ಬಿಡು. ವಾಚಮನ್..."

ವಾಚಮನ್ನ ಎರಡು ಹೆಜ್ಜೆ ಬಂದು, ಅವಳ ಮುಖ ನೋಡಿ, ನಿಂತ. ರಾಯರು ಜಗ್ಗಿದರು. ಮುನ್ನೂರೊಂದರ ಬಕೆಟ್ಟು ಕಾಲಿಗೆ ತಾಗಿ ರಂಗೋಲಿಯ ಮೇಲೆ ಮಗುಚಿ ಬಿತ್ತು. ರುದ್ರವ್ವ ಕೆಳಗೆ ನೋಡಲಿಲ್ಲ. ಬರಿಗಾಲಲ್ಲಿ ಅದನ್ನು ತುಳಿದು, ಹಿಡಿದ ಕೈ ಬಿಡದೆ, ಗೇಟಿನ ಕಡೆಗೆ ಒಂದು ಹೆಜ್ಜೆ ಎಳೆದಳು. ಆಮೇಲೆ ಇನ್ನೊಂದು.