ಬೆನ್ನ ಮೇಲಿನ ಬಾವುಟ

ಬೆಳಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಹದಿನಾರನೆಯ ಕಿಲೋಮೀಟರಿನ ಫಲಕ ದಾಟಿತು, ಅದೇ ಹೊತ್ತಿಗೆ ಚಡ್ಡಿಯೊಳಗೆ ಒದ್ದೆಯಾಯಿತು. ಬೆವರಿರಬೇಕು, ಐದೂವರೆಯಿಂದ ಓಡುತ್ತಿರುವವಳಿಗೆ ಬೆವರಲ್ಲದೆ ಇನ್ನೇನು, ಕತ್ತು ಒದ್ದೆ, ಬೆನ್ನು ಒದ್ದೆ, ಮೊಣಕೈ ತುದಿಯಿಂದ ಹನಿ ಬೀಳುತ್ತಿದೆ, ಆದರೆ ಈ ಒದ್ದೆ ಬೇರೆ, ಬೆಚ್ಚಗಿದೆ, ಒಂದೇ ಕಡೆ ಇದೆ, ಇಲ್ಲ, ಗೊತ್ತಿಲ್ಲ, ನೋಡದೆ ಗೊತ್ತಾಗುವುದಿಲ್ಲ, ನೋಡಬೇಕೆಂದರೆ ನಿಲ್ಲಬೇಕು, ನಿಲ್ಲುವ ಹಾಗಿಲ್ಲ — ಬೆನ್ನಿಗೆ ಪಟ್ಟಿ ಬಿಗಿದು ಬಾವುಟ ಕಟ್ಟಿದ್ದಾರೆ, ಅದರ ಮೇಲೆ ನಾಲ್ಕೂವರೆ ಗಂಟೆ ಎಂದು ಬರೆದಿದೆ, ನಲವತ್ತೆರಡು ಕಿಲೋಮೀಟರನ್ನು ಅಷ್ಟರಲ್ಲಿ ಮುಗಿಸುವ ಆಸೆಯಿದ್ದವರು ಗಡಿಯಾರ ನೋಡಬೇಕಿಲ್ಲ, ಅವಳ ಹಿಂದೆ ಬಂದರೆ ಸಾಕು, ಕಿಲೋಮೀಟರಿಗೆ ಆರು ನಿಮಿಷ ಇಪ್ಪತ್ತನಾಲ್ಕು ಸೆಕೆಂಡು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಬಾವುಟ ಅವಳಿಗೆ ಕಾಣುವುದಿಲ್ಲ. ಸೂರ್ಯ ಬೆನ್ನಿಗಿರುವುದರಿಂದ ಅದರ ನೆರಳು ಮಾತ್ರ ಟಾರಿನ ಮೇಲೆ ಮುಂದೆ ಮುಂದೆ ಹೋಗುತ್ತಿದೆ, ಅವಳ ತಲೆಯಿಂದಲೇ ಒಂದು ಕೋಲು ಹುಟ್ಟಿ ಬಟ್ಟೆ ಬಿಟ್ಟ ಹಾಗೆ. ಹಿಂದೆ ಹನ್ನೊಂದು ಜನರ ಕಾಲಿನ ಸದ್ದು. ಅವರಲ್ಲೊಬ್ಬರಾದ ನಿವೃತ್ತ ಬಸ್ ಡ್ರೈವರ್ ಪಕ್ಕದ ಕ್ಯಾಷಿಯರನಿಗೆ ಹೇಳುತ್ತಿದ್ದಾರೆ, ಮೂವತ್ತೆರಡು ವರ್ಷ ಕೂತ್ಕೊಂಡೇ ಓಡಿಸಿದೀನಿ ಕಣಯ್ಯ, ಈಗ ಎದ್ದು ನಿಂತು ಓಡ್ತಾ ಇದೀನಿ, ಡೀಸೆಲ್ ಖರ್ಚೂ ಇಲ್ಲ. ಕ್ಯಾಷಿಯರನಿಗೆ ನಗಲು ಉಸಿರಿಲ್ಲ, ಆದರೂ ನಗುತ್ತಾನೆ, ಮೇಡಂ ಸ್ವಲ್ಪ ಜಾಸ್ತಿ ಸ್ಪೀಡ್ ಹೋಗ್ತಾ ಇದೀವಾ? ಇಲ್ಲ, ಸರಿಯಾಗಿದೀವಿ, ಎರಡು ಸೆಕೆಂಡ್ ಹಿಂದಿದೀವಿ ಅಷ್ಟೇ. ಅವಳ ಗಂಟಲಿನಿಂದ ಬಂದದ್ದು ಎಂದಿನ ದನಿಯೇ, ಆಶ್ಚರ್ಯ.

ಹಿಂದಿನ ಸಲ ಬಸುರಿಗೆ ಒಂಬತ್ತು ವಾರವಾಗಿತ್ತು. ಇಪ್ಪತ್ತೊಂದು ಕಿಲೋಮೀಟರಿನ ಓಟ, ಮುಗಿಸಿ ಪದಕ ಕೊರಳಿಗೆ ಹಾಕಿಸಿಕೊಂಡು ತಾತ್ಕಾಲಿಕ ಶೌಚಾಲಯದ ಸಾಲಿನಲ್ಲಿ ನಿಂತಿದ್ದಳು, ನೀಲಿ ಪ್ಲಾಸ್ಟಿಕ್ಕಿನ ಗೂಡು, ಬಾಗಿಲಿನ ಚಿಲಕದ ಮೇಲೆ ನಾಣ್ಯದಷ್ಟು ದೊಡ್ಡ ಅರ್ಧಚಂದ್ರ, ಒಳಗೆ ಯಾರೂ ಇಲ್ಲದಾಗ ಹಸಿರು, ಚಿಲಕ ಹಾಕಿದರೆ ಕೆಂಪು. ಅದು ಕೆಂಪಾಗಿಯೇ ಇತ್ತು, ಬಹಳ ಹೊತ್ತು ಇತ್ತು, ಅವಳು ಅದನ್ನೇ ನೋಡುತ್ತಾ ಕಾಲು ಬದಲಿಸುತ್ತಾ ನಿಂತಿದ್ದಳು, ಆಮೇಲೆ ಒಳಗೆ ಹೋಗಿ ಕಂಡದ್ದು ಮರೆತಿದೆ, ನಿಜವಾಗಿ ಮರೆತಿದೆ, ನೆನಪಿರುವುದು ಆ ಅರ್ಧಚಂದ್ರ. ಓಟಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ, ಮೊದಲೇ ಸರಿಯಾಗಿ ಕೂಡಿಕೊಂಡಿರೋದಿಲ್ಲ, ನೀವು ಮಂಚದ ಮೇಲೆ ಮಲಗಿದ್ರೂ ಹೋಗ್ತಿತ್ತು ಅಂದರು ಡಾಕ್ಟರಮ್ಮ. ಇದನ್ನು ಅತ್ತೆಗೂ ಬಂದು ಹೇಳಿ ಎನ್ನಲು ಬಾಯಿ ಬರಲಿಲ್ಲ. ಅತ್ತೆ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದರು, ಓಡಿ ಓಡಿ ಕಳ್ಕೊಂಡ್ಳು ಕಣೇ, ಯಾರು ಅಟ್ಟಿಸ್ಕೊಂಡು ಬರ್ತಿದ್ರು ಅಂತ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಮಾತಿಗಿಂತ ಏಣಿ ಹತ್ತುವುದು ಅವನಿಗೆ ಸಲೀಸು, ಒಂದು ಸಂಜೆ ಅವಳ ಬೂಟುಗಳನ್ನು ಒರೆಸಿ, ಚೀಲಕ್ಕೆ ಹಾಕಿ, ಅಟ್ಟದ ಮೇಲೆ ಹಿಂಬದಿಗೆ ತಳ್ಳಿದ. ಒರೆಸಿದನಲ್ಲ, ಅದನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕು? ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಾಲ್ಕು ತಿಂಗಳಾದ ಮೇಲೆ ಅವಳೇ ಕುರ್ಚಿ ಎಳೆದು, ಕುರ್ಚಿಯ ಮೇಲೆ ಸ್ಟೂಲಿಟ್ಟು ಇಳಿಸಿಕೊಂಡಳು, ಅವನು ಬಾಗಿಲಲ್ಲಿ ನಿಂತು ನೋಡಿ, ಬೀಳ್ತೀಯ ಹುಷಾರು, ಅಂದನಷ್ಟೆ.

ಈ ಸಲ ಯಾರಿಗೂ ಹೇಳಿಲ್ಲ. ಲ್ಯಾಬಿನಲ್ಲಿ ದಿನಕ್ಕೆ ಎಂಬತ್ತು ಜನರ ರಕ್ತ ಎಳೆಯುವವಳು, ಗುರುವಾರ ಎಲ್ಲರೂ ಊಟಕ್ಕೆ ಹೋದಾಗ ರಬ್ಬರ್ ಪಟ್ಟಿಯನ್ನು ಹಲ್ಲಿನಿಂದ ಎಳೆದು ಕಟ್ಟಿ ತನ್ನದನ್ನು ತಾನೇ ಎಳೆದುಕೊಂಡಳು, ಕೊಳವೆಗೆ ಹೆಸರಿಲ್ಲ, ನಂಬರ್ ಮಾತ್ರ. ಬಸುರಿನ ಹಾರ್ಮೋನು ಸಾವಿರದ ನೂರ ನಲವತ್ತು. ಶನಿವಾರ ಎರಡು ಸಾವಿರದ ಮುನ್ನೂರ ತೊಂಬತ್ತು. ಎರಡು ದಿನಕ್ಕೆ ಎರಡರಷ್ಟಾಗಬೇಕು, ಆಗಿದೆ, ಯಂತ್ರ ಸುಳ್ಳು ಹೇಳುವುದಿಲ್ಲ, ಅದು ನಡೆದು ಎರಡು ವಾರವಾಯಿತು, ಈಗ ಏಳನೆಯ ವಾರ. ಹಾಗಾದರೆ ಓಡಬಾರದಿತ್ತು. ಓಡಬಹುದು, ವರ್ಷಗಟ್ಟಲೆ ಓಡಿದವರು ನಿಧಾನವಾಗಿ ಓಡಬಹುದು ಎಂದು ಅದೇ ಡಾಕ್ಟರಮ್ಮ ಹೇಳಿದ್ದರು, ಮಾತಾಡಿಕೊಂಡು ಓಡುವಷ್ಟು ನಿಧಾನ, ಇದು ಅವಳಿಗೆ ನಿಧಾನವೇ. ಓಡದೆ ಕೂತರೆ ಅತ್ತೆಯ ಮಾತನ್ನು ಒಪ್ಪಿಕೊಂಡ ಹಾಗೆ, ಓಡಿ ಕಳೆದುಕೊಂಡರೆ ಅತ್ತೆಯ ಮಾತೇ ನಿಜವಾದ ಹಾಗೆ, ಯಾರಿಗೂ ಹೇಳದಿದ್ದರೆ ಯಾರೂ ಏನೂ ಅನ್ನುವಂತಿಲ್ಲ — ಎಷ್ಟು ಚೆನ್ನಾಗಿ ಲೆಕ್ಕ ಹಾಕಿದ್ದೆ ಅಂದುಕೊಂಡಿದ್ದಳು. ಬೆಳಗ್ಗೆ ನಾಲ್ಕಕ್ಕೆ ಎದ್ದಾಗ ಗಂಡ ಮಗ್ಗುಲು ಬದಲಿಸಿ ಕೇಳಿದ, ಎಷ್ಟೊತ್ತಿಗೆ ಬರ್ತೀಯ? ಹನ್ನೊಂದಾಗುತ್ತೆ. ನಂಗೂ ಇವತ್ತು ಡ್ಯೂಟಿ ಇದೆ, ಕೀ ತಗೊಂಡ್ಹೋಗು. ಹದಿನೇಳನೆಯ ಫಲಕ. ಇನ್ನೂ ಬೆಚ್ಚಗಿದೆ. ನೋಡುವ ತನಕ ಅದು ಬೆವರು, ನೋಡುವ ತನಕ ಏಳು ವಾರ, ಹಾಗಾದರೆ ನೋಡದೆ ಓಡುತ್ತಲೇ ಇರಬಹುದಲ್ಲ, ನಲವತ್ತೆರಡರ ತನಕ, ಆಮೇಲೂ, ಆರು ನಿಮಿಷ ಇಪ್ಪತ್ತನಾಲ್ಕು, ಆರು ನಿಮಿಷ ಇಪ್ಪತ್ತನಾಲ್ಕು, ಮುಂದೆ ನೆರಳಿನ ಬಾವುಟ, ಹದಿನೆಂಟು, ದೂರದಲ್ಲಿ ನೀರಿನ ಮೇಜು, ಅದರಾಚೆ ನೀಲಿ, ನೀಲಿ ಗೂಡುಗಳು ನಾಲ್ಕು, ನಾಲ್ಕನೆಯದರ ಚಿಲಕದಲ್ಲಿ ಹಸಿರು ಅರ್ಧಚಂದ್ರ, ಇಷ್ಟು ದೂರದಿಂದ ಅದು ಕಾಣಲು ಸಾಧ್ಯವೇ ಇಲ್ಲ, ಕಾಣುತ್ತಿದೆ. ಕಾಲು ತಾನಾಗಿ ರಸ್ತೆ ಬಿಟ್ಟು ಎಡಕ್ಕೆ ತಿರುಗಿತು, ಹುಲ್ಲು, ಜಲ್ಲಿ, ಗೂಡಿನ ಮುಂದೆ ನಿಂತಳು, ಹಿಂದೆ ಹನ್ನೊಂದು ಜೊತೆ ಕಾಲುಗಳೂ ಜಲ್ಲಿಯ ಮೇಲೆ ಸದ್ದು ಮಾಡಿ ನಿಂತವು. ತಿರುಗಿ ನೋಡಿದರೆ ಎಲ್ಲರೂ ಅಲ್ಲೇ, ಏದುಸಿರು ಬಿಡುತ್ತಾ, ಅವಳ ತಲೆಯ ಮೇಲಿನ ಬಾವುಟವನ್ನೇ ನೋಡುತ್ತಾ. ನೀವೆಲ್ಲ ಯಾಕ್ರೀ ಬಂದ್ರಿ ಇಲ್ಲಿಗೆ? ನೀವು ಬಂದ್ರಲ್ಲ ಮೇಡಂ, ಅದಕ್ಕೆ, ಅಂದ ಕ್ಯಾಷಿಯರ್, ನಿಜವಾಗಿಯೂ ಗಾಬರಿಯಾಗಿದ್ದ. ಯಾರೋ ನಕ್ಕರು. ಅವಳು ಪಟ್ಟಿ ಬಿಚ್ಚಲು ಹೋದಳು, ಬೆವರಿಗೆ ಕೊಕ್ಕೆ ಜಾರಿತು, ಡ್ರೈವರ್ ಬಂದು ಬಿಡಿಸಿದರು. ಏನಾಯ್ತು ತಾಯಿ? ಏನಿಲ್ಲ, ನೀವು ಕಟ್ಕೊಂಡು ಹೋಗಿ, ಇಪ್ಪತ್ತು ಸೆಕೆಂಡ್ ಹಿಂದಿದೀವಿ, ಒಂದೇ ಸಲ ಹಿಡೀಬೇಡಿ. ಟೈಮಿಗೆ ಸರಿಯಾಗಿ ಮುಟ್ಟಿಸೋದು ನಂಗೆ ಬಿಡಮ್ಮ, ಹತ್ರೀ ಎಲ್ರೂ, ರೈಟ್ ರೈಟ್. ಹೋದರು. ಬಾವುಟ ಹೋಯಿತು, ಕಾಲಿನ ಸದ್ದು ಹೋಯಿತು, ಒಬ್ಬರೂ ತಿರುಗಿ ನೋಡಲಿಲ್ಲ, ಬಾವುಟ ಮುಂದಿರುವಾಗ ಯಾರು ತಿರುಗುತ್ತಾರೆ.

ಒಳಗೆ ಹೋಗಿ ಚಿಲಕ ಸರಿಸಿದಳು. ಬಟ್ಟೆಯ ಮೇಲೆ ಏನೂ ಇರಲಿಲ್ಲ. ಕಾಗದದಿಂದ ಒರೆಸಿ ಮೇಲಿನ ಜಾಲರಿಯ ಬೆಳಕಿಗೆ ಹಿಡಿದಳು, ಲ್ಯಾಬಿನಲ್ಲಿ ಗಾಜಿನ ಪಟ್ಟಿ ಹಿಡಿಯುವ ಹಾಗೆ, ಬಿಳಿ, ಇನ್ನೊಂದು, ಅದೂ ಬಿಳಿ, ಬೆವರು, ಬರೀ ಬೆವರು. ಯಾರಿಗಾದರೂ ಹೇಳಬೇಕು, ಹೋಗಿಲ್ಲ ಅಂತ, ಇನ್ನೂ ಇದೆ ಅಂತ, ಯಾರಿಗೆ ಹೇಳುವುದು, ಇದೆ ಎಂದೇ ಗೊತ್ತಿಲ್ಲದವರಿಗೆ ಹೋಗಿಲ್ಲ ಎಂದು ಹೇಗೆ ಹೇಳುವುದು — ಹೊರಗೆ ಯಾರೋ ಬಾಗಿಲು ತಟ್ಟಿದರು, ಇದ್ದಾರೆ ಕಣೇ, ಕೆಂಪಿದೆ ನೋಡು, ಎಂದಿತು ಇನ್ನೊಂದು ದನಿ. ಕೆಂಪಿದೆ. ಒಳಗಿನಿಂದ ಚಿಲಕಕ್ಕೆ ಬಣ್ಣವಿಲ್ಲ, ಬೂದು ಪ್ಲಾಸ್ಟಿಕ್ಕಿನ ಒಂದು ಗುಬುಟು, ಅದರಾಚೆ ಬದಿಯಲ್ಲಿ ಅರ್ಧಚಂದ್ರ, ಕೆಂಪು, ಇವತ್ತು ಅದನ್ನು ನೋಡುತ್ತಾ ನಿಂತಿರುವವಳು ಬೇರೆ ಯಾರೋ, ಅರ್ಧಚಂದ್ರ, ಕೆಂಪು.

ಏಳು ಗಂಟೆ ನಲವತ್ತಮೂರಕ್ಕೆ ಅವಳು ಚಿಲಕ ತೆಗೆದು ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದಳು. ಸಿಗಲಿಲ್ಲ, ಲಿಫ್ಟಿನೊಳಗಿದ್ದಾಗ ಅವನ ಫೋನ್ ಸಿಗುವುದಿಲ್ಲ. ಹತ್ತು ಗಂಟೆಗೆ ಇಪ್ಪತ್ತು ಸೆಕೆಂಡು ಇರುವಾಗ ಬಾವುಟ ಡ್ರೈವರ್ ಬೆನ್ನ ಮೇಲೆ ಗೆರೆ ದಾಟಿತು. ಗಂಡ ತಿರುಗಿ ಫೋನ್ ಮಾಡಿದ್ದು ಹನ್ನೊಂದೂಕಾಲಿಗೆ. ಅವಳು ಹೇಳಿದಳು.