ಕಳೆಯಿಲ್ಲದ ಹುಲ್ಲು

ಮಾರ್ಲಿಸ್ ಟಾಲೆಫ್ಸನ್ ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದ ಬೀನ್ಸ್ ಸಸಿಗಳು ಎರಡು ಬಗೆಯಾಗಿ ಬೆಳೆದಿದ್ದವು. ಅಂಗಡಿಯ ಮಣ್ಣು ತುಂಬಿದ ಕುಂಡಗಳಲ್ಲಿ ಎಲೆಗಳು ಅಗಲವಾಗಿ ಬಿಚ್ಚಿಕೊಂಡಿದ್ದವು. ಅವಳೇ ಕುದುರೆ ಲದ್ದಿಯಿಂದ ಮಾಡಿದ ಗೊಬ್ಬರ ಬೆರೆಸಿದ ಕುಂಡಗಳಲ್ಲಿ ಎಲೆಗಳು ಬಟ್ಟಲಿನಂತೆ ಮಡಚಿ, ಕುಡಿ ಸುರುಳಿ ಸುತ್ತಿತ್ತು. ನೀರು, ಬಿಸಿಲು, ಬೀಜ ಎಲ್ಲವೂ ಒಂದೇ. ಬೇರೆಯಾಗಿದ್ದದ್ದು ಗೊಬ್ಬರ ಮಾತ್ರ.

ವಿಸ್ಕಾನ್ಸಿನ್‌ನ ಆ ಕಣಿವೆಯಲ್ಲಿ ಶನಿವಾರದ ಸಂತೆ ಮೇ ತಿಂಗಳಲ್ಲಿ ತೆರೆದು ಅಕ್ಟೋಬರ್‌ನಲ್ಲಿ ಮುಚ್ಚುತ್ತದೆ. ಹಾಗೆಂದು ಮಾರುವವರಿಗೆ ಚಳಿಗಾಲ ಬಿಡುವಿನದಲ್ಲ. ಸಸಿಮನೆಯ ಪ್ಲಾಸ್ಟಿಕ್ ಹರಿದಲ್ಲಿ ಅಂಟಿಸುವುದು, ಟ್ರೇ ತೊಳೆಯುವುದು, ತಕ್ಕಡಿ ಪರೀಕ್ಷೆ ಮಾಡಿಸುವುದು ಎಲ್ಲ ಆಗಲೇ. ಗೊಬ್ಬರದಲ್ಲಿ ಬೀನ್ಸ್ ಹಾಕಿ ನೋಡುವುದೂ ಆಗಲೇ. ಕುದುರೆ ತಿಂದ ಹುಲ್ಲಿಗೆ ಒಂದು ಬಗೆಯ ಕಳೆನಾಶಕ ಹೊಡೆದಿದ್ದರೆ ಅದು ಕುದುರೆಯ ಹೊಟ್ಟೆಯಲ್ಲೂ ಕರಗುವುದಿಲ್ಲ, ತಿಪ್ಪೆಯಲ್ಲೂ ಕರಗುವುದಿಲ್ಲ. ಕುದುರೆಗೆ ಏನೂ ಆಗದು, ಜೋಳಕ್ಕೂ ಏನೂ ಆಗದು. ಬೀನ್ಸ್, ಟೊಮೆಟೊ, ಮೆಣಸಿನ ಗಿಡ ಸುರುಟಿ ಹೋಗುತ್ತವೆ.

ಮಾರ್ಲಿಸ್ ಪ್ರತಿ ಚಳಿಗಾಲ ಹೀಗೆ ನೋಡುತ್ತಿದ್ದಳು. ಪ್ರತಿ ಸಲವೂ ಎಲೆ ನೆಟ್ಟಗೆ ಬಂದಿತ್ತು. ಆ ಧೈರ್ಯದ ಮೇಲೆ, ಚಳಿ ಶುರುವಾಗುವ ಮೊದಲೇ, ಒಂದು ಪಿಕಪ್ ಗೊಬ್ಬರವನ್ನು ಪಾನ್ಯಾ ವಾಂಗ್‌ಗೆ ಕೊಟ್ಟಿದ್ದಳು. ಸಂತೆಯಲ್ಲಿ ಪಾನ್ಯಾಳ ಮೇಜು ಅವಳ ಮೇಜಿನ ಪಕ್ಕದ್ದು.

ಲದ್ದಿ ಕೊಟ್ಟವನು ಗುಡ್ಡದಾಚೆಯ ವರ್ಲಿನ್. ಅವನಿಗೆ ಫೋನ್ ಮಾಡಿದಳು.

"ವರ್ಲಿನ್, ಹೋದ ವರ್ಷ ಕುದುರೆಗೆ ಯಾವ ಹುಲ್ಲು ಹಾಕಿದ್ದೆ?"

"ನಂದೇ, ಇನ್ಯಾವುದು? ಅಲ್ಲ, ತಡಿ. ನಂದು ಮಳೆಗೆ ಸಿಕ್ಕಿ ಬೂಸ್ಟು ಹಿಡೀತಲ್ಲ, ಹರಾಜಲ್ಲಿ ತಂದೆ. ಏನ್ ಹುಲ್ಲು ಅಂತೀಯ ಮಾರಾಯ್ತಿ! ದುರ್ಬೀನು ಹಾಕಿ ಹುಡುಕಿದ್ರೂ ಒಂದು ಕಳೆ ಇರ್ಲಿಲ್ಲ."

"ಅದಕ್ಕೇ ನಿಂಗೆ ಅನುಮಾನ ಬರಬೇಕಿತ್ತು."

"ಚೆನ್ನಾಗಿರೋದರ ಮೇಲೆ ಯಾರಾದ್ರೂ ಅನುಮಾನ ಪಡ್ತಾರಾ? ಯಾಕೆ, ಏನಾಯ್ತು?"

"ಬೀನ್ಸ್ ಸುರುಟಿದೆ."

ವರ್ಲಿನ್‌ಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. "ಅಯ್ಯೋ ದೇವರೇ. ಹೊಲಕ್ಕೆಲ್ಲ ಹರಡಿಬಿಟ್ಯಾ?"

"ನನ್ನ ಹೊಲ ಹಾಳಾಗ್ಲಿ. ಪಾನ್ಯಾಗೂ ಕೊಟ್ಟಿದೀನಿ."

"ಹೇಳಕ್ಕೆ ಹೋಗ್ಬೇಡ. ಚಳೀಲಿ ಸಸಿ ಕೆಡೋದು ಹೊಸದೇನಲ್ಲ. ಹೀಟರ್ ಸರಿಯಿಲ್ಲ ಅಂದ್ಕೊಂಡು ಸುಮ್ನಾಗ್ತಾಳೆ."

ಮಾರ್ಲಿಸ್ ಫೋನ್ ಇಟ್ಟು ಪಿಕಪ್ ಹತ್ತಿದಳು.

ಪಾನ್ಯಾಳ ಸಸಿಮನೆಯ ಒಳಗೆ ಕಾಲಿಡುತ್ತಲೇ ಮಾರ್ಲಿಸ್‌ಳ ಕನ್ನಡಕ ಮಂಜಾಯಿತು. ಪಾನ್ಯಾ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ತೊಡೆಯ ಮೇಲೆ ಟ್ರೇ ಇಟ್ಟುಕೊಂಡಿದ್ದಳು.

"ಬಾಗಿಲು ಹಾಕೇ ಮುದುಕಿ, ನಿನ್ನ ಹಿಂದೆ ಇಡೀ ಕೆನಡಾದ ಚಳಿ ಒಳಗೆ ಬರ್ತಿದೆ. ಊಟ ಆಯ್ತಾ? ಆ ಡಬ್ಬೀಲಿ ಅಂಟನ್ನ ಇದೆ, ತಗೋ."

"ಬೇಡ."

"ಬೇಡ ಅನ್ನೋಳಲ್ಲ ನೀನು. ಹುಷಾರಿಲ್ವಾ? ನನಗೂ ಇಲ್ಲ ಬಿಡು. ನೋಡು ಇಲ್ಲಿ." ಟ್ರೇ ಎತ್ತಿ ತೋರಿಸಿದಳು. ಮೆಣಸಿನ ಸಸಿಗಳ ಎಲೆ ಮಡಚಿ, ಕಾಂಡ ಕೊಕ್ಕೆಯಂತೆ ಬಾಗಿತ್ತು. "ಅಮ್ಮನ ಮೆಣಸು. ಅಮ್ಮ ಹೋದ ಮೇಲೆ ಮನಸ್ಸಿಲ್ದೆ ನಾನು ಹೊಸ ಬೀಜ ತೆಗೆದಿಡ್ಲೇ ಇಲ್ಲ. ಹಳೇದು, ಮೊಳಕೆ ಬರುತ್ತೋ ಇಲ್ವೋ ಅಂತ ಇದ್ದಿದ್ದನ್ನೆಲ್ಲ ಹಾಕ್ದೆ. ಬಂತು, ಗೂನಾಗಿ ಬಂತು. ಬೀಜಕ್ಕೆ ವಯಸ್ಸಾಗಿತ್ತು."

"ಎಲ್ಲಾನೂ ಹಾಕ್ದ್ಯಾ? ನಿನ್ನ ತಂಗಿ ಹತ್ರ ಇಲ್ವಾ?"

"ಅವಳ ಬೀಜಕ್ಕೆ ಹುಳ ಬಿತ್ತು, ಬಿಸಾಕಿದಳು. ಇದೇ ಕೊನೇದು."

ಪಾನ್ಯಾ ಯಾರನ್ನೂ ದೂರುತ್ತಿರಲಿಲ್ಲ. ಮೂಲೆಯಲ್ಲಿ ಟೊಮೆಟೊ ಬಿತ್ತಲೆಂದು ಉಳಿಸಿದ್ದ ಗೊಬ್ಬರದ ಗುಡ್ಡೆ ಇತ್ತು. ಏನಾದರೂ ನೆಪ ಹೇಳಿ ಅದನ್ನು ವಾಪಸ್ ಒಯ್ದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಮಾರ್ಲಿಸ್ ಕನ್ನಡಕ ಒರೆಸಿ ಹಾಕಿಕೊಂಡಳು.

"ಬೀಜದ್ದು ತಪ್ಪಿಲ್ಲ ಪಾನ್ಯಾ. ಗೊಬ್ಬರದ್ದು. ನಾನು ಕೊಟ್ಟಿದ್ದು."

ಹುಲ್ಲು, ಹರಾಜು, ಕಿಟಕಿಯ ಬೀನ್ಸ್ ಎಲ್ಲವನ್ನೂ ಹೇಳಿದಳು. ಪಾನ್ಯಾ ಕೇಳುತ್ತಲೇ ಒಂದು ಸಸಿಯನ್ನು ಕಿತ್ತು ಬೇರು ನೋಡಿದಳು. ಬೇರು ಮೋಟಾಗಿ ಊದಿಕೊಂಡಿತ್ತು.

"ತೊಳೆದು ಬೇರೆ ಮಣ್ಣಿಗೆ ಹಾಕಿದ್ರೆ?"

"ಸ್ವಲ್ಪ ಮುದುರಿದ್ದಾದ್ರೆ ಒಂದೊಂದು ಸಲ ಏಳುತ್ತೆ. ಇಷ್ಟಾಗಿದ್ದು ಎದ್ದಿದ್ದನ್ನ ನಾನು ನೋಡಿಲ್ಲ."

ಪಾನ್ಯಾ ಎದ್ದು ಒಂದೊಂದೇ ಟ್ರೇ ನೋಡುತ್ತ ಹೋದಳು. ನೆಟ್ಟಗಿದ್ದ ಸಸಿ ಒಂದೂ ಇರಲಿಲ್ಲ. ಕೊನೆಯ ಟ್ರೇ ಮುಗಿದ ಮೇಲೆ ಅಲ್ಲಿಂದಲೇ ಕೇಳಿದಳು.

"ನೀನು ಪ್ರತಿ ವರ್ಷ ಬೀನ್ಸ್ ಹಾಕಿ ನೋಡ್ತೀಯ, ಅಲ್ವಾ?"

"ಹೌದು."

"ನನಗೆ ಕೊಡೋ ಮೊದಲು ನೋಡ್ಲಿಲ್ಲ."

"ಇಲ್ಲ."

"ನಿನ್ನ ಟ್ರೇಗೆ ಹಾಕೋ ಮೊದಲು ನೋಡಿದೆ."

ಪಾನ್ಯಾಳ ಲೆಕ್ಕ ಸರಿಯಾಗಿಯೇ ಇತ್ತು.

ಪಾನ್ಯಾ ಹೀಟರಿನ ಬಳಿ ಬಗ್ಗಿ ಗ್ಯಾಸ್ ಬಂದ್ ಮಾಡಿದಳು. ಉರಿ ಆರಿತು. ಫ್ಯಾನು ಸ್ವಲ್ಪ ಹೊತ್ತು ತಿರುಗಿ ನಿಂತಿತು.

"ಒಂದು ಟ್ರೇನಾದ್ರೂ ನನಗೆ ಕೊಡು. ತೊಳೆದು ಅಡುಗೆಮನೇಲಿ ಇಟ್ಟು ನೋಡ್ತೀನಿ," ಮಾರ್ಲಿಸ್ ಕೇಳಿದಳು.

"ಅಮ್ಮನ ಗಿಡ ನಿನ್ನ ಮನೆಗೆ ಬರಲ್ಲ." ಪಾನ್ಯಾ ಅನ್ನದ ಡಬ್ಬಿ ಮುಚ್ಚಿ ಕಂಕುಳಲ್ಲಿಟ್ಟುಕೊಂಡಳು. "ಆ ಗುಡ್ಡೆ ತಗೊಂಡ್ಹೋಗು. ಸಲಿಕೆ ಬಾಗಿಲ ಹಿಂದೆ ಇದೆ."

ಅವಳು ಮನೆಗೆ ಹೋದಳು. ಮಾರ್ಲಿಸ್ ಒಬ್ಬಳೇ ಗೊಬ್ಬರವನ್ನು ಪಿಕಪ್ಪಿಗೆ ತುಂಬಲು ತೊಡಗಿದಳು. ಪ್ರತಿ ಸಲ ಹೊರಗೆ ಹೋಗಲು ಬಾಗಿಲು ತೆರೆಯಲೇಬೇಕಿತ್ತು. ತೆರೆದಾಗಲೆಲ್ಲ ಒಳಗಿದ್ದ ಬಿಸಿ ಗಾಳಿ ಆವಿಯಾಗಿ ಹಿಮದ ಮೇಲೆ ಹೋಗುತ್ತಿತ್ತು. ಗುಡ್ಡೆ ತೀರುವ ಹೊತ್ತಿಗೆ ಪ್ಲಾಸ್ಟಿಕ್ಕಿನ ಒಳಮೈಯ ಹನಿಗಳು ಹೆಪ್ಪುಗಟ್ಟಿದ್ದವು. ಬಾಗಿಲ ಬಳಿಯ ಟ್ರೇಗಳಲ್ಲಿ ಸಸಿಗಳು ಕಪ್ಪುಹಸಿರಾಗಿ ಮಲಗಿದ್ದವು.