ಹೆಬ್ಬೆರಳಷ್ಟು ಉದ್ದದ ಮಂಚ

ಎಲ್ಲಿಂದ ಶುರು ಮಾಡಲಿ? ನಿಘಂಟಿನಿಂದಲೇ? ಮಾದರಿ ಎಂಬರ್ಥದ ‘ಪ್ಯಾಟರ್ನ್’ ಹುಟ್ಟಿದ್ದು ‘ಪೇಟ್ರನ್’ನಿಂದ, ಅದರ ಬೇರಿನಲ್ಲಿ ಲ್ಯಾಟಿನ್ನಿನ ಅಪ್ಪ ಕೂತಿದ್ದಾನೆ. ಮಕ್ಕಳು ನೋಡಿ ಕಲಿಯುವ ಮೊದಲ ಮಾದರಿ ಅವನೇ ತಾನೆ... (ಆಕಳಿಸಬೇಡಿ. ಈ ಕರಡು ಹರಿದುಹಾಕಿದೆ.)

೨. ಸರಿ, ಇಲ್ಲಿಂದ. ವಿಲ್ಫ್ ಓಲ್ಡ್ರಾಯ್ಡ್ ನಮ್ಮೂರು ರಾದರಮ್ಮಿನ ಕಬ್ಬಿಣದ ಫೌಂಡ್ರಿಯಲ್ಲಿ ಎರಕದ ಅಚ್ಚಿಗೆ ಬೇಕಾದ ಮರದ ಮಾದರಿ, ಅಂದರೆ ಪ್ಯಾಟರ್ನ್, ಮಾಡುವವನು. ಮಗಳು ಥೆಲ್ಮಾಳನ್ನು ಬಾಯಿಬಿಟ್ಟು ಮುದ್ದು ಮಾಡಿದವನಲ್ಲ. ಇದ್ದಬದ್ದ ಪ್ರೀತಿಯನ್ನೆಲ್ಲ ಸುರಿದು ಅವಳ ಮದುವೆಗೊಂದು ಓಕ್ ಮಂಚ ಮಾಡಿದ. ಮದುವೆಯ ಹಿಂದಿನ ದಿನ ಹೊಸ ಮನೆಗೆ ಹೊತ್ತು ತಂದರೆ, ಎರಡು ಗೋಡೆಗಳ ನಡುವೆ ಅದು ಕೂರಲೊಲ್ಲದು. ಹೆಬ್ಬೆರಳಷ್ಟು ಹೆಚ್ಚು ಉದ್ದ!

(ಕಾರಣ: ಕಾದ ಕಬ್ಬಿಣ ಆರಿದಾಗ ಕುಗ್ಗುತ್ತದೆ. ಹಾಗಾಗಿ ಪ್ಯಾಟರ್ನ್ ತುಸು ದೊಡ್ಡದಿರಬೇಕು. ಅದಕ್ಕೆಂದೇ ಇಂಚುಗಳು ಹಿಗ್ಗಿರುವ ಅಳತೆಪಟ್ಟಿಯಿದೆ. ಗೋಡೆಯನ್ನು ಮನೆಯ ಟೇಪಿನಲ್ಲಿ ಅಳೆದ ವಿಲ್ಫ್, ಮರವನ್ನು ಅಭ್ಯಾಸಬಲದಿಂದ ಆ ಪಟ್ಟಿಯಲ್ಲಿ ಅಳೆದಿದ್ದ.)

“ಇಡೀ ವರ್ಕ್‌ಶಾಪು ನಗುತ್ತೆ. ನಾಳೆ ಚರ್ಚಿಗೆ ನಾನು ಬರಲ್ಲ. ನನ್ನ ಬದ್ಲು ಚಿಕ್ಕಪ್ಪನ ತೋಳು ಹಿಡ್ಕೊಂಡು ಒಳಗೆ ಹೋಗು,” ಎಂದ ವಿಲ್ಫ್ ಮಗಳಿಗೆ.

ಈ ಕಥೆ ಬರೆಯುತ್ತಿದ್ದ ನಾನು ನಡುವೆ ಬಾಯಿ ಹಾಕಿದೆ. “ಒಂಚೂರು ಕೊಯ್ದ್ರೆ ಆಯ್ತಲ್ಲ ವಿಲ್ಫ್? ಕಥೆ ಮುಗಿಯುತ್ತೆ.”

“ಕೊಯ್ಯೋಕೆ ಅದೇನು ಸೌತೆಕಾಯಾ? ನಿನ್ನ ಕಥೆನೇ ಕೊಯ್ಕೋ ಹೋಗಯ್ಯಾ!”

ಮುಕ್ತಾಯ ಒಂದು: ಅಪ್ಪ ಬರಲಿಲ್ಲ. ಥೆಲ್ಮಾ ಅಳುತ್ತ ಒಬ್ಬಳೇ...

“ಯಾರು ಅಳೋದು? ನಾನಾ? ಹೊಡೆದುಹಾಕು ಅದನ್ನ!” ಎಂದಳು ಥೆಲ್ಮಾ. (ಹೊಡೆದುಹಾಕಿದೆ. ಹಟದಲ್ಲಿ ಅವಳು ಅಪ್ಪನದೇ ಅಚ್ಚು.)

ವಿನಿಗರ್ ಚಿಮುಕಿಸಿದ ಬಿಸಿ ಆಲೂಗಡ್ಡೆ ಚಿಪ್ಸ್ ಪೊಟ್ಟಣ ಹಿಡಿದು, ಬಾಗಿಲಿಗೆ ಅಡ್ಡ ನಿಂತಿದ್ದ ಮಂಚದ ಮೇಲೇ ಕೂತು, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಪ್ಪಾ, ಸರಿಯಾಗೇ ಮಾಡಿದ್ದೀಯ ಬಿಡು. ಮದುವೆ ಬಿಸಿ ಆರಿದ್ಮೇಲೆ ಎಲ್ಲಾ ಒಂಚೂರು ಕುಗ್ಗುತ್ತಂತೆ. ನೀನು ಅದನ್ನೂ ಸೇರ್ಸಿ ಅಳ್ದಿದ್ದೀಯ! ಮಂಚ ಮುಟ್ಟಬೇಡ, ಗೋಡೆ ಗಾರೆ ಕೆರೆಯೋಣ. ಆದ್ರೆ ನಾಳೆ ನೀನಿಲ್ದೆ ನಾನು ಒಂದು ಹೆಜ್ಜೆನೂ ಇಡಲ್ಲ.”

ವಿಲ್ಫ್ ಗೋಡೆಯನ್ನು ಬೆರಳಲ್ಲಿ ತಟ್ಟಿ ನೋಡಿದ. ಆಮೇಲೆ ಅವಳ ಪಕ್ಕ ಕೂತು ಒಂದು ಚಿಪ್ಸ್ ಬಾಯಿಗೆ ಹಾಕಿಕೊಂಡ.

“ವಿನಿಗರ್ ಸಾಲ್ದು,” ಎಂದ. ಕಣ್ಣು ಒದ್ದೆಯಾಗಿತ್ತು. (ಸಾಲದಿದ್ದದ್ದು ವಿನಿಗರ್ ಅಲ್ಲ, ಮಾತು ಅಂತ ನಾನು ಬರೆದಿದ್ದೆ. ಅವನು ಅಳಿಸಿದ.)

೭. (೩ರಿಂದ ೬ ಎಲ್ಲಿ ಎನ್ನಬೇಡಿ, ಜಗಳದಲ್ಲಿ ಕಳೆದವು.) ಮಂಚ ಕೊನೆಗೂ ಕೂತಿತೇ? ಗಾರೆ ಕೆರೆದರೇ? ಮುಕ್ತಾಯ ಎರಡು, ಮೂರು ಜೇಬಿನಲ್ಲಿಟ್ಟುಕೊಂಡು, ಮರುದಿನ ಚರ್ಚಿನ ಬಾಗಿಲಲ್ಲಿ ಪೆನ್ನು ಹಿಡಿದು ವಿಲ್ಫನನ್ನೇ ತಡೆದು ಕೇಳಿದೆ. ಹೊಸ ಸೂಟು ತೊಟ್ಟಿದ್ದ. ನನ್ನನ್ನು ಮೊಣಕೈಯಲ್ಲಿ ತಿವಿದ.

“ಪಕ್ಕಕ್ಕೆ ಸರಿಯಯ್ಯಾ, ನನ್ನ ಮಗಳು ಬರ್ತಿದ್ದಾಳೆ.”